ತುಳಸಿಕಟ್ಟೆಯ ಪಕ್ಕದ ದೊಡ್ಡಪತ್ರೆ

ನಾನು ಒಂದು ದೊಡ್ಡಪತ್ರೆ ಗಿಡ. ನಾನು ಬೀಜದಿಂದ ಹುಟ್ಟಿದವಳಲ್ಲ. ತುಮಕೂರಿನ ವೆಂಕಟಲಕ್ಷಮ್ಮ ಎದುರುಮನೆ ಶಾಹಿದಾ ಅವರ ಗಿಡದಿಂದ ಗೇಣುದ್ದದ ಕಡ್ಡಿ ಮುರಿದು ತಂದು, ಹಿಡಿ ಕಿತ್ತುಹೋದ ಬಕೆಟ್ಟಿಗೆ ಮಣ್ಣು ತುಂಬಿ ಚುಚ್ಚಿದರು. ಇಟ್ಟಿದ್ದಾದರೂ ಎಲ್ಲಿ? ಬಚ್ಚಲ ನೀರು ಹರಿಯುವ ಕಡೆ! ಅಲ್ಲಿಂದ ತಲೆ ಎತ್ತಿದರೆ ಸಾಕು, ಅಂಗಳದ ನಡುವೆ ಅವಳು ಕಾಣುತ್ತಿದ್ದಳು. ತುಳಸಿ.

ಅವಳ ವೈಭೋಗವನ್ನು ಏನೆಂದು ಹೇಳಲಿ! ಕೂರಲು ಕಟ್ಟೆ, ಮುಂದೆ ರಂಗೋಲಿ, ಬೆಳಗಾದರೆ ಅರಿಶಿನ ಕುಂಕುಮ, ಸಂಜೆಯಾದರೆ ದೀಪ. ವೆಂಕಟಲಕ್ಷಮ್ಮ ಅವಳ ಸುತ್ತ ಪ್ರದಕ್ಷಿಣೆ ಹಾಕಿ ಕೈಮುಗಿಯುತ್ತಿದ್ದರು. ನನ್ನ ಹತ್ತಿರ ಬಂದರೆ ಚಟ್ ಎಂದು ಎಲೆ ಮುರಿದುಕೊಂಡು ಒಳಗೆ ಹೋಗುವುದೇ. ಯಾರು ಕೆಮ್ಮಿದರೂ ನನ್ನ ಎಲೆ ಬಾಡಿಸಿ, ರಸ ಹಿಂಡಿ, ಜೇನು ಬೆರೆಸಿ ಕುಡಿಸಬೇಕು. ಊಟಕ್ಕೆ ನನ್ನ ತಂಬುಳಿ, ಮಳೆ ಹನಿದರೆ ನನ್ನ ಬಜ್ಜಿ. ದುಡಿಯುವುದಕ್ಕೆ ನಾನು, ಕೈಮುಗಿಸಿಕೊಳ್ಳುವುದಕ್ಕೆ ಅವಳು! ಸುಳ್ಳೇಕೆ ಹೇಳಲಿ, ಹೊಟ್ಟೆ ಧಗಧಗ ಉರಿಯುತ್ತಿತ್ತು. ಗಾಳಿಗೆ ಅವಳ ಕುಡಿ ಅಲ್ಲಾಡಿದರೂ ಜಂಬ ಮಾಡುತ್ತಿದ್ದಾಳೆ ಎನ್ನಿಸುತ್ತಿತ್ತು. ನನಗೂ ಒಂದು ಚಿಟಿಕೆ ಅರಿಶಿನ ಬಿದ್ದರೆ ಸಾಕಿತ್ತು. ಒಂದೇ ಒಂದು ಸಲ!

ವೆಂಕಟಲಕ್ಷಮ್ಮನವರ ಮಗಳ ಮಗಳು ಸಿಂಚನ ಅಜ್ಜಿಯ ಮನೆಯಲ್ಲೇ ಇದ್ದು ಬಿಎಸ್ಸಿ ಓದುತ್ತಿದ್ದಳು. ಒಂದು ಬೆಳಿಗ್ಗೆ ಅಂಗಳಕ್ಕೆ ಬಂದವಳೇ, "ಅಜ್ಜಿ, ತುಳಸಿ ಎಲೆ, ದೊಡ್ಡಪತ್ರೆ ಎಲೆ ಎರಡೂ ಬೇಕು. ಕಾಲೇಜಲ್ಲಿ ಟೆಸ್ಟ್ ಮಾಡ್ಬೇಕು" ಅಂದಳು.

"ಎಲೆಗೂ ಪರೀಕ್ಷೇನಾ? ಏನು ಕಾಲ ಬಂತಮ್ಮ!"

"ಗಾಜಿನ ತಟ್ಟೇಲಿ ಬ್ಯಾಕ್ಟೀರಿಯಾ ಬೆಳೆಸ್ತೀವಿ ಅಜ್ಜಿ. ಎಲೆ ರಸದಲ್ಲಿ ಅದ್ದಿದ ಚಿಕ್ಕ ಕಾಗದದ ಬಿಲ್ಲೆ ಅದರ ಮೇಲಿಡ್ತೀವಿ. ರಸಕ್ಕೆ ಶಕ್ತಿ ಇದ್ರೆ ಬಿಲ್ಲೆ ಸುತ್ತ ಬ್ಯಾಕ್ಟೀರಿಯಾ ಬೆಳೆಯಲ್ಲ, ಉಂಗುರದ ಥರ ಖಾಲಿ ಜಾಗ ಬಿಡುತ್ತೆ. ಯಾರ ಉಂಗುರ ದೊಡ್ಡದೋ ಅವರೇ ಗೆದ್ದಂಗೆ."

ನನ್ನ ಎಲೆಗಳೆಲ್ಲ ಜುಮ್ಮೆಂದವು. ಅಲ್ಲಿ ಕಟ್ಟೆ ಇಲ್ಲ, ದೀಪ ಇಲ್ಲ, ಬರೀ ರಸ. ಈಗ ಬಾರೇ ಮಹಾರಾಣಿ, ಎಂದೆ ಮನಸ್ಸಿನಲ್ಲೇ.

ಸಿಂಚನ ನನ್ನ ಎಲೆಗಳನ್ನು ನಲ್ಲಿಯ ಕೆಳಗೆ ಹಿಡಿದು ಉಜ್ಜಿ ಉಜ್ಜಿ ತೊಳೆದಳು. ತುಳಸಿ ಎಲೆ ತೊಳೆಯಲು ಹೋದಾಗ ಅಜ್ಜಿ ಓಡಿ ಬಂದರು. "ಅಯ್ಯಯ್ಯೋ, ಈಗಷ್ಟೇ ಪೂಜೆ ಆಗಿರೋ ಎಲೆ ಕಣೇ! ಅದನ್ನ ತೊಳೆದ ನೀರು ಬಚ್ಚಲಿಗೆ ಬಿಡ್ತೀಯಾ? ಹಂಗೇ ತಗೊಂಡು ಹೋಗು." ತುಳಸಿ ಮೈತುಂಬಾ ಅರಿಶಿನ ಮೆತ್ತಿಕೊಂಡೇ ಕಾಲೇಜಿಗೆ ಹೊರಟಳು.

ಎರಡು ದಿನ ಬಿಟ್ಟು ಸಿಂಚನ ಮೊಬೈಲಿನಲ್ಲಿ ಫೋಟೊ ತೋರಿಸಿದಳು. ತುಳಸಿಯ ಉಂಗುರವೇ ದೊಡ್ಡದು.

"ನಾನು ಹೇಳ್ಲಿಲ್ವಾ? ದೇವರು ಕಣೇ ಅದು!" ಎಂದ ವೆಂಕಟಲಕ್ಷಮ್ಮ ಆವತ್ತು ತುಳಸಿಗೆ ಒಂದು ಮೊಳ ಮಲ್ಲಿಗೆ ಜಾಸ್ತಿ ಮುಡಿಸಿದರು. ಗೆದ್ದಿದ್ದು ಅವಳಲ್ಲ ಕಣ್ರೀ, ಅವಳ ಮೈಮೇಲಿನ ಅರಿಶಿನ, ಎಂದು ಕಿರುಚಬೇಕೆನ್ನಿಸಿತು. ಗಿಡ ಕಿರುಚಿದರೆ ಯಾರಿಗೆ ಕೇಳುತ್ತದೆ? ಹೊಟ್ಟೆಕಿಚ್ಚಿಗೆ ನೀರು ಕುಡಿಯುವುದನ್ನೇ ಬಿಟ್ಟು ಜೋತುಬಿದ್ದೆ.

ಆದರೆ ಕಾಲೇಜಿನ ಮೇಡಂ ಇನ್ನೊಮ್ಮೆ ಮಾಡಿ ನೋಡು ಅಂದರಂತೆ. ಅಷ್ಟರಲ್ಲಿ ದಾಯಾದಿಗಳ ಮನೆಯಲ್ಲಿ ಸಾವಾಗಿ ವೆಂಕಟಲಕ್ಷಮ್ಮನವರಿಗೆ ಸೂತಕ ಬಂತು. ಪೂಜೆ ನಿಂತಿತು. ಒಂದು ಜೋರು ಮಳೆ ಬಂದು ತುಳಸಿಯ ಅರಿಶಿನವೆಲ್ಲ ತೊಳೆದುಹೋಯಿತು. ಮಗಳ ಮಗಳಿಗೆ ಎಲ್ಲಿಯ ಸೂತಕ? ಸಿಂಚನಳೇ ಎಲೆ ಬಿಡಿಸಿಕೊಂಡು, ಎರಡನ್ನೂ ತೊಳೆದುಕೊಂಡು ಹೋದಳು.

ಈ ಸಲ ಅವಳು ಗೇಟಿನಿಂದಲೇ ಕೂಗಿಕೊಂಡು ಬಂದಳು. "ಅಜ್ಜಿ! ಹೋದ್ಸಲ ಗೆದ್ದಿದ್ದು ನಿನ್ನ ಅರಿಶಿನ! ಬರೀ ಅರಿಶಿನ ಇಟ್ಟು ನೋಡಿದ್ರೂ ಉಂಗುರ ಬಂತು. ತೊಳೆದ ತುಳಸಿಗಿಂತ ನಮ್ಮ ದೊಡ್ಡಪತ್ರೇನೇ ಮುಂದೆ."

ವೆಂಕಟಲಕ್ಷಮ್ಮ ಬಚ್ಚಲ ಹತ್ತಿರ ಬಂದು ನನ್ನ ಎಲೆ ಸವರಿದರು. "ಇಷ್ಟು ದಿನ ನಿನ್ನ ಈ ಕೊಚ್ಚೇಲಿ ಇಟ್ಟಿದ್ನಲ್ಲ ತಾಯಿ, ತಪ್ಪಾಯ್ತು."

ಸೂತಕ ಕಳೆದ ಮೇಲೆ ಹೊಸ ಮಣ್ಣಿನ ಕುಂಡ ಬಂತು. ನನ್ನನ್ನು ಕಿತ್ತು ನೆಡುವಾಗ ಒಂದು ಕೊಂಬೆ ಮುರಿಯಿತು. ತಮ್ಮ ಹಳೆಯ ಗಿಡ ಸೊರಗುತ್ತಿದೆಯೆಂದು ಶಾಹಿದಾ ಅದನ್ನು ಖಾಲಿ ಎಣ್ಣೆ ಡಬ್ಬದಲ್ಲಿ ಚುಚ್ಚಲು ಒಯ್ದರು. ನಾನು ಆ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಕುಂಡ ಕಟ್ಟೆಯ ಪಕ್ಕಕ್ಕೆ ಬಂದಿತ್ತು! ಅರಿಶಿನ ಬಿತ್ತು, ಕುಂಕುಮ ಬಿತ್ತು, ದೀಪ ಬೆಳಗಿತು. ಹೇಗಿದೆಯೇ ಈಗ, ಎಂದು ತುಳಸಿಯನ್ನು ಕಣ್ತುಂಬ ನೋಡಿದೆ. ಅವಳು ಎಂದಿನಂತೆ ನಿಂತಿದ್ದಳು.

ಆ ವಾರವೇ ಸಿಂಚನಳಿಗೆ ಕೆಮ್ಮು ಹಿಡಿಯಿತು. ಅಭ್ಯಾಸದಂತೆ ನನ್ನತ್ತ ಕೈಚಾಚಿದಳು.

"ಏಯ್, ಮುಟ್ಬೇಡ! ಇವತ್ತು ಶುಕ್ರವಾರ. ಪೂಜೆ ಮಾಡೋ ಗಿಡ ಕಿತ್ತು ತಿಂತಾರೇನೇ? ಶಾಹಿದಾ ಹತ್ರ ನಾಲ್ಕೆಲೆ ಇಸ್ಕೊಂಡು ಬಾ."

ಶುಕ್ರವಾರದ ಮಾತು ಮೆಲ್ಲಗೆ ಎಲ್ಲ ವಾರಗಳಿಗೂ ಬಂತು. ತುಳಸಿಯ ದಳವಾದರೂ ತೀರ್ಥಕ್ಕೆ ಬೀಳುತ್ತದೆ. ನನ್ನ ಎಲೆ ಯಾವ ದೇವರಿಗೆ ಬೇಕು? ಈಗ ನನಗೆ ವಯಸ್ಸಾಗಿದೆ. ಕಾಂಡ ಕಟ್ಟಿಗೆಯಾಗಿದೆ. ಎಲೆಗಳು ಹಣ್ಣಾಗಿ, ಯಾರ ನಾಲಿಗೆಗೂ ತಾಗದೆ ಉದುರುತ್ತವೆ. ವೆಂಕಟಲಕ್ಷಮ್ಮ ಅವನ್ನು ಭಕ್ತಿಯಿಂದ ಗುಡಿಸುತ್ತಾರೆ.

ಇವತ್ತೂ ಬೆಳಿಗ್ಗೆ ಅವರು ನನಗೆ ಅರಿಶಿನ ಹಚ್ಚಿ ಕಣ್ಣುಮುಚ್ಚಿ ಕೈಮುಗಿದರು. ಎದುರುಮನೆಯ ಎಣ್ಣೆ ಡಬ್ಬದ ಹತ್ತಿರ ಸಿಂಚನ ಬಗ್ಗಿದ್ದಳು. ಚಟ್ ಎಂದು ಎಲೆ ಮುರಿದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ನಮ್ಮ ಅಡುಗೆಮನೆಯಿಂದ ತಂಬುಳಿಯ ಒಗ್ಗರಣೆ ಘಮ್ಮೆಂದಿತು. ಡಬ್ಬದಲ್ಲಿರುವವಳು ನನ್ನ ಕೊಂಬೆಯಿಂದ ಹುಟ್ಟಿದವಳು, ನನ್ನ ಮಗಳೇ. ಆದರೂ ಅವಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.