ಸೋಮವಾರದ ಪುಣ್ಯ

ನಿಜಾಮರ ಕಾಲ. ಮಾಂಜ್ರಾ ಹೊಳೆ ಉಕ್ಕಿ ದಂಡೆಯ ಪಾಠಶಾಲೆಯೊಂದನ್ನು ಕೊಚ್ಚಿಕೊಂಡು ಹೋದಾಗ, ಅಲ್ಲೇ ಉಂಡು ಮಲಗುತ್ತಿದ್ದ ಹನ್ನೊಂದು ವಿದ್ಯಾರ್ಥಿಗಳನ್ನು ನಾರಾಯಣಖೇಡದ ರೇವಣಯ್ಯ ಮಾಸ್ತರರು ತಮ್ಮ ಶಾಲೆಗೆ ಕರೆತಂದರು. ಎರಡೇ ಕೋಣೆಯ ಶಾಲೆಗೆ ‘ವಿದ್ಯಾಪೀಠ’ ಎಂದು ಹಲಗೆ ತೂಗುಹಾಕಿದ್ದ ಮನುಷ್ಯ ಅವರು. ಮಲಗಲು ಜಾಗವನ್ನೇನೋ ಕೊಟ್ಟರು; ಊಟಕ್ಕೆ ಊರಿನ ಆರು ದೊಡ್ಡ ಮನೆಗಳನ್ನು ಕೇಳಲು ಹೊರಟರು. ಮನೆಗೊಂದು ದಿನ, ಏಳನೆಯ ದಿನ ಮಾಸ್ತರರ ಮನೆಯಲ್ಲಿ.

ಮೊದಲ ಮನೆ ಪಾರ್ವತಿಬಾಯಿಯದು. “ನಮಗ ಸೋಮಾರ ಬರಕೋರಿ,” ಎಂದಳು ಆಕೆ, ಮಾಸ್ತರರು ಕೂಡುವ ಮೊದಲೇ. ಸೋಮವಾರ ಶಿವನ ದಿನ, ಮನೆಮಂದಿಗೆಲ್ಲ ಉಪವಾಸ, ಒಲೆ ಹೊತ್ತಿಸುವುದೇ ಇಲ್ಲ. ಬಂದವರ ಕೈಗೆ ಎರಡೆರಡು ಖರ್ಜೂರ ಇಟ್ಟರೆ ಪುಣ್ಯವೂ ಬಂತು, ಜೋಳವೂ ಉಳಿಯಿತು. ತನ್ನ ಬುದ್ಧಿಗೆ ತಾನೇ ತಲೆದೂಗಿದಳು.

ಸಂಜೆ ಮಾಸ್ತರರು ಮರಳಿ ಬಂದರು. “ಆರೂ ಮನಿಯವ್ರು ಸೋಮಾರನೇ ಕೇಳ್ಯಾರ್ರಿ.”

“ಎಂಥಾ ಮಂದಿರಿ.” ಪಾರ್ವತಿಬಾಯಿಗೆ ನಿಜಕ್ಕೂ ಸಿಟ್ಟು ಬಂತು. “ನೆಲಿ ಕಳಕೊಂಡು ಬಂದ ಮಕ್ಕಳನ್ನ ಉಪವಾಸ ಕೆಡವತಾರೇನು?”

“ಮೊದಲು ಕೇಳಿದೋರು ನೀವು, ನಿಮಗೇ ಕೊಟ್ಟೀನಿ. ಒಂದು ಮಾತು. ಅವ್ರು ಕುರುಬರ ಮಕ್ಕಳು, ಮೈಲಾರಲಿಂಗನ ಒಕ್ಕಲು. ಅವ್ರ ಉಪವಾಸ ಸೋಮಾರದ ಹಿಂದಿನ ದಿನ, ಐತ್ವಾರ. ದಿನಾಪೂರ್ತಿ ನೀರಷ್ಟೇ ಕುಡದು, ಸೋಮಾರ ಮುಂಜಾನೆ ನಿಮ್ಮ ಮನ್ಯಾಗ ಉಪವಾಸ ಬಿಡ್ತಾರ.”

ಹನ್ನೊಂದು ಹಸಿದ ಹೊಟ್ಟೆಗಳು ಪಾರ್ವತಿಬಾಯಿಯ ಕಣ್ಣಮುಂದೆ ಸಾಲಾಗಿ ಕೂತವು. “ಹಂಗಾರ ನಮಗ ಐತ್ವಾರನೇ ಕೊಡ್ರಿ,” ಎಂದಳು, ದನಿ ಇಳಿಸಿ.

“ಐತ್ವಾರ ಖಾಲಿ ಇಲ್ರಿ.” ಮಾಸ್ತರರು ಚಪ್ಪಲಿ ಮೆಟ್ಟಿಕೊಂಡರು. “ಅದನ್ನ ನಮ್ಮ ಮನಿಗೆ ಬರಕೊಂಡೀನಿ.”