ಎರಡು ಎಡತೋಳಿನ ಕೋಟು

ಪಿಟೀಲು ವಾದಕ ಹೊಸ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತು, ಕಮಾನು ಹಿಡಿದವನಂತೆ ಬಲಗೈ ಎತ್ತಿದ. ಕೈಯ ಜೊತೆ ಇಡೀ ಕೋಟೂ ಎದ್ದಿತು. ಇಳಿಸಿದ, ಇಳಿಯಿತು. ಮತ್ತೆ ಎತ್ತಿದ, ಹೊಟ್ಟೆ ಕಂಡಿತು.

"ಎಡಗಡೆ ಬೆಣ್ಣೆ ಇದ್ದಂಗಿದೆ ಟೈಲರಮ್ಮಾ," ಎಂದ ಪಾಪ, ಒಳ್ಳೆಯ ಮನುಷ್ಯ. "ಬಲಗೈನ ಮಾತ್ರ ಯಾರೋ ಹಿಂದಿನಿಂದ ಹಿಡ್ಕೊಂಡಂಗಿದೆ."

ಟೈಲರಮ್ಮ ತೋಳು ಬಿಚ್ಚಿ, ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಹಾಸಿದರು. ತೋಳಿನ ಮೇಲ್ತುದಿಯಲ್ಲಿ ಎದೆಯ ಕಡೆಗೆ ಬರುವ ಕೊರೆತ ಆಳ, ಬೆನ್ನಿನ ಕಡೆಯದು ಕಡಿಮೆ. ಆದ್ದರಿಂದ ಬಲತೋಳು ಎಡತೋಳನ್ನು ಕನ್ನಡಿಯಲ್ಲಿ ಕಂಡ ಹಾಗಿರಬೇಕು. ಇವೆರಡೂ ಅವಳಿ ಜವಳಿ. ಎರಡೂ ಎಡತೋಳು! ಬೇರೆ ಬಟ್ಟೆಯಾಗಿದ್ದರೆ ಒಳಹೊರಗು ಮಾಡಿ ಬಚಾವಾಗಬಹುದಿತ್ತು. ಇದು ಮಖಮಲ್ಲು, ಇದಕ್ಕೆ ಮುಖ ಒಂದೇ ಕಡೆ.

ಬಟ್ಟೆ ಮಡಚಿ ಎರಡು ಪದರ ಒಟ್ಟಿಗೆ ಕತ್ತರಿಸಿದರೆ ಇಂಥ ತಪ್ಪು ಆಗುವುದೇ ಇಲ್ಲ. ಟೈಲರಮ್ಮ ಯಾವಾಗಲೂ ಹಾಗೇ ಮಾಡುತ್ತಿದ್ದರು. ಆದರೆ ಮಖಮಲ್ಲು ಮಡಚಿದರೆ ಜಾರುತ್ತದೆಂದು ಒಂದೊಂದೇ ಪದರ ಹಾಸಿದ್ದರು. ಕತ್ತರಿಸಲು ಬಟ್ಟೆಯ ಮೇಲಿಟ್ಟ ಒಂದು ಕಾಗದದ ಮೇಲೆ 'ಎಡತೋಳು', ಇನ್ನೊಂದರ ಮೇಲೆ 'ಬಲತೋಳು' ಎಂದು ಅಚ್ಚಾಗಿ ಬಂದಿತ್ತು. ನಂಬಿ ಕತ್ತರಿ ಆಡಿಸಿದ್ದರು.

ಕಾಗದ ಬಂದದ್ದು ಕಂಪ್ಯೂಟರಿನಿಂದ. ಹೋದ ವರ್ಷ ಮೆಟ್ಟಿಲಲ್ಲಿ ಜಾರಿ ಅವರ ಬಲ ಮಣಿಕಟ್ಟು ಮುರಿದಿತ್ತು. ಕೂಡಿಕೊಂಡ ಮೇಲೆ ಕತ್ತರಿಯೇನೋ ಕೈಗೆ ಒಗ್ಗಿತು, ಸೀಮೆಸುಣ್ಣದ ಗೆರೆ ಮಾತ್ರ ನಡುಗತೊಡಗಿತು. ಆಗ ನಾದಿನಿ ಒಂದು ತಂತ್ರಾಂಶ ಹುಡುಕಿ ತಂದಳು. ಅಂಗಡಿಯಲ್ಲಿ ಗುಂಡಿ, ಕಾಜ, ಅಂಚು ಅವಳ ಪಾಲು. ತಂತ್ರಾಂಶಕ್ಕೆ ಅಳತೆ ಕೊಟ್ಟರೆ ಕಟಿಂಗ್ ಪೇಪರು ಬಿಡಿಸಿಕೊಡುತ್ತಿತ್ತು. ಪುಕ್ಕಟೆ, ಅದರ ಕೋಡನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು. ಬರೆದವನ ಅಡ್ಡಹೆಸರು 'ಅರ್ಧಗುಂಡಿ'. ಆವೃತ್ತಿ 0.4. ಅದಿಲ್ಲದಿದ್ದರೆ ಟೈಲರಮ್ಮ ಬೇರೆಯವರು ಕತ್ತರಿಸಿದ್ದನ್ನು ಹೊಲಿದುಕೊಂಡು ಕೂರಬೇಕಿತ್ತು.

ಅಂದು ಅದೆಲ್ಲ ಮರೆತುಹೋಯಿತು. ಉಳಿದ ಮಖಮಲ್ಲಿನ ಮೇಲೆ ಕಾಗದ ಮಗುಚಿಟ್ಟು ಹೊಸ ಬಲತೋಳು ಕತ್ತರಿಸಿದರು, ಕೋಟು ಸಂಗೀತ ಕಚೇರಿಯ ಹೊತ್ತಿಗೆ ತಲುಪಿತು. ಸಿಟ್ಟು ಮಾತ್ರ ಉಳಿಯಿತು. ಅರ್ಧಗುಂಡಿಯ ಅಂತರ್ಜಾಲ ಪುಟದಲ್ಲಿ ಹೀಗೆ ಬರೆದರು: "ಇದು ಕಸ. ಹೊಲಿಗೆ ಗೊತ್ತಿಲ್ಲದವರು ಇದಕ್ಕೆ ಕೈ ಹಾಕಬಾರದು. ಯಾರೂ ಬಳಸಬೇಡಿ."

ಬರೆದ ಮೇಲೆ ಮೈ ಹಗುರಾಯಿತು. ಮೂರು ದಿನ ಹಗುರಾಗಿಯೇ ಇತ್ತು. ನಾಲ್ಕನೆಯ ದಿನ ಉತ್ತರ ಬಂತು: "ಕ್ಷಮಿಸಿ. ನಾನು ಹಲ್ಲಿನ ಡಾಕ್ಟರು. ಬಿಡುವಿನಲ್ಲಿ ಬರೆದದ್ದು. ಹೊಲಿಗೆ ಗೊತ್ತಿಲ್ಲ ಎಂಬುದು ನಿಜ. ಶನಿವಾರ ಈ ಪುಟ ತೆಗೆದುಬಿಡುತ್ತೇನೆ."

ತಂತ್ರಾಂಶ ನಡೆಯುತ್ತಿದ್ದದ್ದು ಆ ಪುಟದಲ್ಲೇ. ಕೋಡನ್ನು ಇಳಿಸಿಕೊಂಡು ತಾವೇ ನಡೆಸುವುದು ಅಂಗಡಿಯಲ್ಲಿ ಯಾರಿಗೂ ಬಾರದ ವಿದ್ಯೆ.

"ಶನಿವಾರದಿಂದ ಗುಂಡಿ ಹಾಕೋಕೆ ಬನ್ನಿ ಅತ್ತಿಗೆ," ಎಂದಳು ನಾದಿನಿ. "ಆ ವಿಭಾಗಕ್ಕೆ ನಾನೇ ಸೀನಿಯರ್."

"ಬಾಯ್ಮುಚ್ಚೇ."

"'ಅದ್ಭುತವಾಗಿದೆ' ಅಂತ ಇನ್ನೊಂದು ಬರ್ದುಬಿಡಿ. ನಿಮ್ಮ ಗಂಟೇನು ಹೋಗುತ್ತೆ?"

"ಇನ್ಯಾರದ್ದೋ ಮಖಮಲ್ಲು ಹೋಗುತ್ತೆ. ತೋಳು ಎಡದ್ದೇ ತಾನೆ ಬರೋದು?"

"ಹಾಗಾದ್ರೆ ಕಸ ಅಂದಿದ್ದೇ ಸರಿ, ಬಿಡಿ."

"ಕಸ ಆಗಿದ್ರೆ ಇದಕ್ಕೆ ಮುಂಚೆ ಹದಿನಾಲ್ಕು ಬಟ್ಟೆ ಹೇಗೆ ಹೊಲ್ದೆ?"

ನಾದಿನಿ ಆ ಪುಟವನ್ನು ಮೇಲಿನಿಂದ ಕೆಳಗೆ ಉರುಳಿಸಿದಳು. ಒಂಬತ್ತನೆಯ ಪ್ಯಾರಾದಲ್ಲಿ ಅವಳ ಬೆರಳು ನಿಂತಿತು. "ಕೇಳಿ. 'ಈ ಆವೃತ್ತಿ ಇನ್ನೂ ಕಚ್ಚಾ. ಬಲತೋಳು ತಿರುಗಿಸುವುದು ಬಾಕಿ ಇದೆ. ಸದ್ಯಕ್ಕೆ ಕಾಗದ ಮಗುಚಿ ಬಳಸಿ.'"

"ಕಚ್ಚಾ ಅಂತಿದೆಯಾ?"

"ಕಚ್ಚಾ ಅಂತಲೇ ಇದೆ. ಅತ್ತಿಗೆ, ಗೋಣಿಚೀಲದ ಗುಮಾಸ್ತೆ ನೆನಪಿದ್ದಾಳಾ?"

ಮರೆಯುವುದುಂಟೇ? ಯಾವ ಕೋಟನ್ನೂ ಟೈಲರಮ್ಮ ಮೊದಲು ಕಚ್ಚಾ ಹೊಲಿಗೆ ಹಾಕಿ, ಗಿರಾಕಿಗೆ ತೊಡಿಸಿ, ಬಿಗಿ ಎಲ್ಲಿ ಸಡಿಲ ಎಲ್ಲಿ ಎಂದು ಕೇಳಿ, ಅಲ್ಲಲ್ಲೇ ಗುಂಡುಪಿನ್ನು ಚುಚ್ಚಿ ಗುರುತು ಮಾಡುತ್ತಿದ್ದರು. ಆ ಗುಮಾಸ್ತೆ ಕಚ್ಚಾ ಹೊಲಿಗೆಯ ಕೋಟು ತೊಟ್ಟು, ಅಂಗಡಿ ತುಂಬ ಜನರಿದ್ದಾಗ "ಗೋಣಿಚೀಲ" ಎಂದು ಹೇಳಿ, ಬಿಚ್ಚಿ ಎಸೆದು ಹೋಗಿದ್ದಳು. ಎಲ್ಲಿ ಸಡಿಲ ಎಂದು ಇವತ್ತಿನವರೆಗೂ ತಿಳಿದಿಲ್ಲ.

ಟೈಲರಮ್ಮ ಟೇಪನ್ನು ಕೊರಳಿನಿಂದ ತೆಗೆದು ಸುತ್ತಿಟ್ಟರು. "ಮಖಮಲ್ಲಿಗೆ ನಾನು ಕಚ್ಚಾ ಹಾಕಲೇ ಇಲ್ಲ ಕಣೇ. ಅವಸರ ಅಂತ ನೇರ ಹೊಲ್ದುಬಿಟ್ಟೆ," ಎಂದರು. ಆಮೇಲೆ ಕಂಪ್ಯೂಟರನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಮೊದಲು ಬರೆದದ್ದನ್ನು ಅಳಿಸಿದ್ದೇನೆ, ಅದರಲ್ಲಿ ಒಂದು ಅಳತೆಯೂ ಇರಲಿಲ್ಲ. ನಿಮ್ಮ ಕಾಗದದಿಂದ ಹದಿನಾಲ್ಕು ಉಡುಪು ಹೊಲಿದಿದ್ದೇನೆ. ಭುಜದ ಇಳಿಜಾರು ನಾನು ಗೆರೆ ಎಳೆಯುತ್ತಿದ್ದುದಕ್ಕಿಂತ ಚೆನ್ನಾಗಿ ಬರುತ್ತದೆ. ಹದಿನೈದನೆಯದರಲ್ಲಿ ಎರಡೂ ತೋಳು ಎಡದ್ದಾದವು. ಒಂಬತ್ತನೆಯ ಪ್ಯಾರಾ ಓದದಿದ್ದದ್ದು ನನ್ನ ತಪ್ಪು. ಕಚ್ಚಾ ಹೊಲಿಗೆ ಹಾಕಿ ನೋಡದಿದ್ದದ್ದೂ ನನ್ನ ತಪ್ಪು. ಆದರೆ ಎಡತೋಳಿನ ಮೇಲೆ 'ಬಲತೋಳು' ಎಂದು ಅಚ್ಚು ಹಾಕಿದ್ದು ನಿಮ್ಮ ತಪ್ಪು. ಕತ್ತರಿ ಹಿಡಿದವರು ನೋಡುವುದು ಕಾಗದವನ್ನು, ಒಂಬತ್ತನೆಯ ಪ್ಯಾರಾವನ್ನಲ್ಲ. ತಿರುಗಿಸಲು ಸದ್ಯಕ್ಕೆ ಆಗದಿದ್ದರೆ ಆ ಹೆಸರು ತೆಗೆದು, 'ಮಗುಚಿ ಕತ್ತರಿಸಿ' ಎಂದು ಹಾಕಿದರೂ ಸಾಕು. ಎರಡೂ ತೋಳಿನ ಫೋಟೋ ಇದೆ. ಪಿನ್ನು ಚುಚ್ಚಿರುವ ಕಡೆ ನೋಡಿ."

ನಾದಿನಿ ಹೆಗಲ ಮೇಲಿಂದ ಓದಿದಳು. "'ನಿಮ್ಮ ತಪ್ಪು' ಅನ್ನೋದು ತೆಗೀರಿ. ಮುನಿಸ್ಕೋತಾರೆ."

"ನಂದು ಎರಡಿದೆ, ಅವರದ್ದು ಒಂದು. ಇರಲಿ."

"ಕೈ ಮುರಿದಿದ್ದಾದ್ರೂ ಬರೀರಿ, ಕರಗ್ತಾರೆ."

"ನನ್ನ ಕೈ ನೋಡಿ ಅವರು ತೋಳು ತಿದ್ದೋದು ಬೇಡ. ತೋಳು ನೋಡಿ ತಿದ್ದಲಿ."

ಶುಕ್ರವಾರ ಸಂಜೆಯವರೆಗೂ ಸದ್ದಿಲ್ಲ. ಶನಿವಾರ ಬೆಳಿಗ್ಗೆ ಟೈಲರಮ್ಮ ಬಾಗಿಲಿನ ಬೀಗ ತೆಗೆದವರೇ, ಚಪ್ಪಲಿಯನ್ನೂ ಬಿಡದೆ ಕಂಪ್ಯೂಟರ್ ಹಾಕಿದರು. ಪುಟ ಇತ್ತು. ಆವೃತ್ತಿ 0.5. ಕೆಳಗೆ ನಾಲ್ಕು ಸಾಲು: "ಹಲ್ಲಿನ ಕುಳಿ ತುಂಬಿದ ಮೇಲೆ ನಾವು 'ಕಚ್ಚಿ ನೋಡಿ, ಎಲ್ಲಿ ತಾಗುತ್ತೆ ಹೇಳಿ' ಅಂತೀವಿ. ಈ ಪುಟಕ್ಕೆ ಬಂದವರಲ್ಲಿ ಎಲ್ಲಿ ತಾಗುತ್ತೆ ಅಂತ ಹೇಳಿದ್ದು ನೀವೊಬ್ಬರೇ. ತೋಳು ತಿರುಗಿಸಿದ್ದೇನೆ. ದಯವಿಟ್ಟು ತೊಟ್ಟು ನೋಡಿ."

ಟೈಲರಮ್ಮ ಹಳೆಯ ಹಾಸಿಗೆ ಹೊದಿಕೆಯೊಂದನ್ನು ಮಡಚದೆ ಹಾಸಿ, ಹೊಸ ಕಾಗದದಂತೆ ಕೋಟಿನ ಮೈಯನ್ನೂ ಎರಡು ತೋಳನ್ನೂ ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿ ನಾದಿನಿಗೆ ತೊಡಿಸಿದರು. ನಾದಿನಿ ಬಲಗೈ ಎತ್ತಿದಳು. ನೀರು ಹರಿದಂತೆ ಎದ್ದಿತು. ಎಡಗೈ ಎತ್ತಿದಳು. ಹೊದಿಕೆಯೆಲ್ಲ ಮೇಲೆದ್ದು ಮೂಗಿಗೆ ಬಂತು.

"ಅತ್ತಿಗೇ," ಒಳಗಿನಿಂದ ದನಿ ಬಂತು, "ಈ ಸಲ ಎರಡೂ ಬಲದ್ದು!"

ಟೈಲರಮ್ಮ ನಕ್ಕು ನಕ್ಕು ಮೇಜು ಹಿಡಿದುಕೊಂಡರು. ಆಮೇಲೆ ಎರಡು ಗುಂಡುಪಿನ್ನನ್ನು ತುಟಿಯಲ್ಲಿ ಕಚ್ಚಿ ನಾದಿನಿಯ ಎಡಗೈ ಹಿಡಿದೆತ್ತಿದರು.

"ಅಲ್ಲಾಡಬೇಡ. ಎಲ್ಲಿ ಹಿಡೀತಿದೆ, ಸರಿಯಾಗಿ ಹೇಳು."