ಹಸಿ ಪೊರೆ

"ಏನ್ರಿ ಹೊನ್ನಣ್ಣಾರ, ಇವತ್ತ ಆಮ್ಲೆಟ್‌ನಾಗ ಸಿಪ್ಪಿನೂ ಹಾಕೀರಲ್ರಿ! ಅದಕ್ಕ ಬ್ಯಾರೆ ರೊಕ್ಕೇನು?"

ಬನವಾಸಿ ಬಸ್ಸಿನ ಡ್ರೈವರ್ ಶರಣ ನಾಲಿಗೆಯ ಮೇಲಿನ ಚಿಪ್ಪಿನ ಚೂರನ್ನು ತೆಗೆದು ತೋರಿಸಿದಾಗ ಶಿರಸಿ ಬಸ್ ಸ್ಟ್ಯಾಂಡಿನ ಎದುರು ಹೊನ್ನನ ಎಗ್ ರೈಸ್ ಗಾಡಿಯ ಸುತ್ತ ನಿಂತಿದ್ದ ಮೂರು ಸಾವಿರ ಜನ ದಂಗಾದರು. ಮೂರು ಸಾವಿರವಲ್ಲದಿದ್ದರೆ ಹದಿಮೂರು. ಹೊನ್ನ ಹದಿನೆಂಟು ವರ್ಷಗಳಲ್ಲಿ ಒಂದೇ ಕೈಯಲ್ಲಿ ಒಡೆದ ಮೊಟ್ಟೆಗಳನ್ನು ಸಾಲಾಗಿಟ್ಟರೆ ಯಲ್ಲಾಪುರ ದಾಟಿ, ಕಾರವಾರ ಮುಟ್ಟಿ, ಉಳಿದವು ಸಮುದ್ರಕ್ಕೆ ಬೀಳುತ್ತಿದ್ದವು. ಒಂದರಲ್ಲೂ ಚೂರು ಬಿದ್ದಿರಲಿಲ್ಲ.

ಇವತ್ತು ಬಿತ್ತು. ಅವನ ಕಣ್ಣು ಬಾಣಲೆಯ ಮೇಲಿರಲಿಲ್ಲ, ಗಾಡಿಯ ಹಿಂದೆ ಸ್ಟೂಲಿನ ಮೇಲೆ ಕೂತ ಹೆಂಡತಿ ದುರ್ಗಿಯ ಮೇಲಿತ್ತು. ಅವಳು ಚಿಪ್ಪಿನೊಳಗಿನ ತೆಳು ಪೊರೆಯನ್ನು ಬೆರಳ ತುದಿಯಿಂದ ಬಿಡಿಸುತ್ತಿದ್ದಳು. ಕಾಲೇಜಿನಲ್ಲಿ ಸಂಶೋಧನೆ ಮಾಡುವ ಪ್ರತಿಭಾ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಆ ಬೆರಳುಗಳ ಫೋಟೋ ತೆಗೆಯುತ್ತಿದ್ದಳು. ಬೆರಳುಗಳ ಫೋಟೋ! ಹೊನ್ನನ ಮುಖವನ್ನೇ ಈವರೆಗೆ ಯಾರೂ ತೆಗೆದಿರಲಿಲ್ಲ.

"ಇದ್ರಲ್ಲಿ ಕೊಲಾಜೆನ್ ಅನ್ನೋ ಪ್ರೋಟೀನ್ ಇದೆ ಹೊನ್ನಣ್ಣ. ನಮ್ಮ ಚರ್ಮದಲ್ಲಿರೋ ಜಾತಿದೇ. ಸುಟ್ಟ ಗಾಯಕ್ಕೆ ಪಟ್ಟಿ ಮಾಡ್ಬಹುದಾ ಅಂತ ನೋಡ್ತಾ ಇದೀವಿ."

"ಮೊಟ್ಟೆ ನಂದೇ ಅಲ್ದಾ ಮೇಡಮ್ಮೋರೆ? ನಾನೂ ಒಡ್ದು ಕೊಡ್ತೆ."

"ನೀವು ಒಡೆದ್ರೆ ಪೊರೆ ಚೂರಾಗ್ತದೆ. ದುರ್ಗಕ್ಕನೇ ಬೇಕು. ಸೋಮವಾರ ನಮ್ಮ ಸರ್ ಮುಂದೆ ಬಿಡಿಸಿ ತೋರಿಸ್ಲಿ. ಸರಿ ಬಂತು ಅಂದ್ರೆ ಈ ಕೆಲ್ಸ ಅಕ್ಕಂಗೇ."

ದುರ್ಗಿ ನಾಚಿ ನಕ್ಕಳು. ಆಗ ಹೊನ್ನನ ಹೊಟ್ಟೆಯಲ್ಲಿ ಎದ್ದ ಕಿಚ್ಚಿನ ಮೇಲೆ ಬಾಣಲೆ ಇಟ್ಟಿದ್ದರೆ ತಿಂಗಳಿಗೆ ಎರಡು ಸಿಲಿಂಡರ್ ಉಳಿಯುತ್ತಿದ್ದವು.

ಭಾನುವಾರ ದುರ್ಗಿ ಹುಲಗೋಳದ ತವರಿಗೆ ಹೋದದ್ದೇ ತಡ, ಅವನು ಬಾಗಿಲು ಹಾಕಿಕೊಂಡು ಎರಡು ಟ್ರೇ ಮೊಟ್ಟೆ ಬೇಯಿಸಿದ. ಬೆಂದ ಮೊಟ್ಟೆಯಿಂದ ಪೊರೆ ಎಷ್ಟು ಚೆನ್ನಾಗಿ ಏಳುತ್ತದೆ! ಅರವತ್ತು ಪೊರೆಗಳನ್ನು ಸ್ಟೀಲ್ ಡಬ್ಬಿಯಲ್ಲಿ ಪದರ ಪದರವಾಗಿ ಜೋಡಿಸಿಟ್ಟ. ಮೊಟ್ಟೆಗಳನ್ನು ತಿಂದ ಓಣಿಯ ನಾಯಿಗಳು ಇವತ್ತಿಗೂ ಯಾರಿಗೂ ಬೊಗಳುವುದಿಲ್ಲ.

ಸೋಮವಾರ ಕಾಲೇಜಿನ ಪ್ರಯೋಗಶಾಲೆಯಲ್ಲಿ ಬಿಳಿ ಕೋಟಿನ ಸರ್, ಮೊಬೈಲ್ ಹಿಡಿದ ಇಪ್ಪತ್ತು ವಿದ್ಯಾರ್ಥಿಗಳು. ದುರ್ಗಿ ಮೊಟ್ಟೆ ಮುಟ್ಟುವ ಮೊದಲೇ ಹೊನ್ನ ಡಬ್ಬಿ ತೆರೆದ.

"ಅವಳು ಒಂದು ಬಿಡಿಸೋದ್ರೊಳಗೆ ನೋಡಿ ಸರ್, ಅರವತ್ತು!"

ಪ್ರತಿಭಾ ಒಂದು ಪೊರೆಯನ್ನು ಎತ್ತಿ ಬೆಳಕಿಗೆ ಹಿಡಿದಳು. "ಬೇಯಿಸಿದ್ದಾ ಇದು? ಬಿಸಿಗೆ ಪ್ರೋಟೀನ್ ಬದಲಾಗ್ತದಲ್ಲ. ನಮಗೆ ಹಸಿದೇ ಬೇಕಿತ್ತು. ಯಾರು ಬೇಯಿಸಿದ್ದು?"

ಹುಡುಗರು ಕಿಸಕ್ಕೆಂದರು. ಹೊನ್ನ ಡಬ್ಬಿಯ ಮುಚ್ಚಳ ಹುಡುಕತೊಡಗಿದ.

"ನಾನೇ," ಎಂದಳು ದುರ್ಗಿ. "ನಂಗೆ ಗೊತ್ತಾಗ್ಲಿಲ್ಲ. ಅವ್ರು ಹೊತ್ಕಂಡು ಬಂದ್ರು ಅಷ್ಟೆ."

ಇದು ಬೈಗುಳಕ್ಕಿಂತ ಖಾರವಾಗಿತ್ತು. ದೊಡ್ಡ ಮನಸ್ಸೂ ಇವಳದ್ದೇ ಆಯಿತಲ್ಲ!

ಸರ್ ಗಡಿಯಾರ ನೋಡಿಕೊಂಡರು. ದುರ್ಗಿ ಮೊಟ್ಟೆಯನ್ನು ಬೋಗುಣಿಯ ಅಂಚಿಗೆ ಬಡಿದಳು. ಚಿಪ್ಪು ನಡುವೆ ಸೀಳಿತು, ಪೊರೆ ಹರಿಯಿತು. ಇನ್ನೊಂದು. ಅದೂ ಹರಿಯಿತು. ಹೊನ್ನನಿಗೆ ಒಂದು ಕ್ಷಣ, ಒಂದೇ ಕ್ಷಣ, ಬೇಸಿಗೆಯಲ್ಲಿ ಕೋಕಂ ಪಾನಕ ಕುಡಿದಷ್ಟು ತಂಪಾಯಿತು.

"ಇರ್ಲಿ ಬಿಡಿ, ಇನ್ನೊಂದು ದಿನ ನೋಡಿದ್ರಾಯ್ತು," ಎಂದರು ಸರ್.

ದುರ್ಗಿ ಸೆರಗಿಗೆ ಕೈ ಒರೆಸಿಕೊಂಡಳು. ಯಾರ ಮುಖವನ್ನೂ ನೋಡಲಿಲ್ಲ. ಅವಳ ತಪ್ಪೇನೆಂದು ಆ ಕೋಣೆಯಲ್ಲಿ ಗೊತ್ತಿದ್ದವನು ಒಬ್ಬನೇ. ಹೆದರಿಕೆಯಲ್ಲಿ ಅವಳು ಮೊಟ್ಟೆಯನ್ನು ಅವನ ಹಾಗೆ ಒಡೆಯುತ್ತಿದ್ದಳು, ನಡುವಿಗೆ, ಜೋರಾಗಿ.

ಹೊನ್ನ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟ. ತಿರುಗಿ ಬಂದ.

"ಒಂದ್ನಿಮಿಷ ಸರ್."

ಟ್ರೇಯಿಂದ ಒಂದು ಮೊಟ್ಟೆ ಎತ್ತಿಕೊಂಡು, ಗಾಡಿಯ ಹಿಂದೆ ಅವಳು ಮಾಡುತ್ತಿದ್ದ ಹಾಗೆ, ಒಳಗೆ ಗಾಳಿ ಕೂತಿರುವ ದಪ್ಪ ತುದಿಯನ್ನು ಉಗುರಿನಿಂದ ತಟ್ಟಿದ. ಹದಿನೆಂಟು ವರ್ಷಗಳಲ್ಲಿ ಅಷ್ಟು ನಿಧಾನಕ್ಕೆ ಅವನು ಯಾವ ಮೊಟ್ಟೆಯನ್ನೂ ಒಡೆದಿರಲಿಲ್ಲ. ಚೂರುಗಳನ್ನು ಒಂದೊಂದಾಗಿ ತೆಗೆದು, ಒಳಗಿನದನ್ನು ತನ್ನ ಎಡ ಅಂಗೈಗೆ ಬಗ್ಗಿಸಿಕೊಂಡು, ಖಾಲಿ ಚಿಪ್ಪನ್ನು ಹೆಂಡತಿಗೆ ಚಾಚಿದ.

"ತಗಳೇ. ಇಲ್ಲಿಂದ ಎತ್ತು."

ದುರ್ಗಿಯ ಬೆರಳು ಅಂಚನ್ನು ಹುಡುಕಿತು. ಪೊರೆ ಸದ್ದಿಲ್ಲದೆ ಎದ್ದು ಬಂತು, ಇಡಿಯಾಗಿ, ಬೆಳಕು ಹಾಯುವಂತೆ. ಇಪ್ಪತ್ತು ಮೊಬೈಲುಗಳು ಅವಳ ಕೈಯ ಸುತ್ತ ಕವಿದವು. ಪ್ರತಿಭಾ ಚಪ್ಪಾಳೆ ತಟ್ಟಿದಳು, ಸರ್ ಕನ್ನಡಕ ಹಾಕಿಕೊಂಡು ಬಗ್ಗಿದರು.

ಹೊನ್ನ ಹಿಂದೆ ಸರಿದು ಗೋಡೆಗೆ ಒರಗಿದ. ಅವನ ಅಂಗೈಯಲ್ಲಿ ಹಳದಿ ಒಡೆಯದೆ ಕೂತಿತ್ತು. ಅದನ್ನು ಎಲ್ಲಿ ಇಡಬೇಕೆಂದು ಯಾರನ್ನು ಕೇಳುವುದೋ ತಿಳಿಯದೆ, ಚೆಲ್ಲದ ಹಾಗೆ ಹಿಡಿದುಕೊಂಡೇ ನಿಂತ.